ಹಿಟ್ಟಿನ ಕೋಳಿಯೂ ಹಣೆಬರಹವೂ

ಹೊರನಾಡಿನಲ್ಲಿ ನೆಲಸಿದ ನಮ್ಮಂಥವರ ಮಾತಿನಲ್ಲಿ ‘ಋಣ’ ಮತ್ತು ‘ಹಣೆಬರಹ’ ಎಂಬ ಎರಡು ಶಬ್ದಗಳು ಮೇಲಿಂದ ಮೇಲೆ ಬರುತ್ತವೆ. ಊರು ಬಿಟ್ಟು ಇಷ್ಟು ದೂರ ಏಕೆ ಬಂದಿರಿ ಎಂದು ಯಾರಾದರೂ ಕೇಳಿದರೆ, ‘ಇಲ್ಲಿಯ ಅನ್ನದ ಋಣವಿತ್ತು’ ಎನ್ನುತ್ತೇವೆ. ಊರಿನ ಮನೆ ಬಿದ್ದುಹೋದರೆ, ಮಗನಿಗೆ ಬಯಸಿದ ಕಾಲೇಜಿನಲ್ಲಿ ಸೀಟು ಸಿಗದಿದ್ದರೆ, ಮೊಮ್ಮಗಳು ಅಜ್ಜಿಯ ಕಾಗದವನ್ನು ಓದಲಾರದೆ ಹೋದರೆ ‘ಹಣೆಬರಹ’ ಎಂದು ಸುಮ್ಮನಾಗುತ್ತೇವೆ. ಈ ಮಾತಿನಲ್ಲಿ ಒಂದು ಸಮಾಧಾನವಿದೆ. ಅದನ್ನು ಹಳಿಯುವ ಉದ್ದೇಶ ನಮಗಿಲ್ಲ. ಆದರೆ ಆದದ್ದೆಲ್ಲವೂ ಆಗಲೇಬೇಕಾಗಿತ್ತೆ? ಬೇರೆ ರೀತಿಯಲ್ಲಿ ಆಗಬಹುದಾಗಿದ್ದರೆ ಅದು ಯಾವ ಗಳಿಗೆಯಲ್ಲಿ, ಯಾರ ಕೈಯಿಂದ? ಈ ಪ್ರಶ್ನೆಯನ್ನು ನಮ್ಮ ಭಾಷೆಯ ಒಬ್ಬ ಕವಿ ಎಂಟುನೂರು ವರ್ಷಗಳ ಹಿಂದೆಯೇ ಎತ್ತಿಕೊಂಡಿದ್ದಾನೆ. ಆತ ಜನ್ನ, ಆತನ ಕಾವ್ಯ ‘ಯಶೋಧರ ಚರಿತೆ’. ಈ ತಿಂಗಳು ಆ ಕಾವ್ಯವನ್ನು ಈ ಒಂದು ಪ್ರಶ್ನೆಯನ್ನು ಮುಂದಿಟ್ಟುಕೊಂಡು ನೋಡೋಣ.

ಹೊಯ್ಸಳ ವೀರಬಲ್ಲಾಳನಿಂದ ‘ಕವಿಚಕ್ರವರ್ತಿ’ ಎಂಬ ಬಿರುದು ಪಡೆದ ಜನ್ನ ಈ ಕಾವ್ಯವನ್ನು ಬರೆದು ಮುಗಿಸಿದ್ದು 1209ರಲ್ಲಿ. ಕಥೆ ಆತನ ಕಲ್ಪನೆಯದಲ್ಲ. 959ರಲ್ಲಿ ಸೋಮದೇವ ಸೂರಿ ಇದನ್ನೇ ‘ಯಶಸ್ತಿಲಕ’ ಎಂಬ ಮಹಾಚಂಪುವಾಗಿ ಸಂಸ್ಕೃತದಲ್ಲಿ ಬರೆದಿದ್ದ. ಅನಂತರ ವಾದಿರಾಜ ಇದನ್ನು ಚಿಕ್ಕದಾಗಿ ಹೇಳಿದ್ದ. ಜನ್ನ ವಾದಿರಾಜನ ದಾರಿ ಹಿಡಿದ. ನಾಲ್ಕು ಅವತಾರಗಳು, ಮುನ್ನೂರಕ್ಕೆ ಸ್ವಲ್ಪ ಮೇಲ್ಪಟ್ಟು ಪದ್ಯಗಳು, ಅವುಗಳಲ್ಲಿ ಬಹುಪಾಲು ಕಂದಗಳೇ. ಒಂದು ರಜೆಯ ದಿನದಲ್ಲಿ ಓದಿ ಮುಗಿಸಬಹುದಾದ ಕಾವ್ಯ. ಹಳಗನ್ನಡವೆಂಬ ಅಂಜಿಕೆಯನ್ನು ಬಿಟ್ಟು, ಅರ್ಥಸಹಿತವಾದ ಒಂದು ಪ್ರತಿಯನ್ನು ಕೈಗೆತ್ತಿಕೊಂಡರೆ ಸಾಕು.

ಕಥೆಯನ್ನು ಮರೆತವರಿಗಾಗಿ ಚುಟುಕಾಗಿ ಹೇಳುತ್ತೇವೆ. ರಾಜಪುರದ ಅರಸ ಮಾರಿದತ್ತ ಚಂಡಮಾರಿಯ ಜಾತ್ರೆಯಲ್ಲಿ ಎಳೆಯ ಅಣ್ಣತಂಗಿಯರನ್ನು ಬಲಿಕೊಡಲು ಕತ್ತಿ ಹಿಡಿದು ನಿಂತಿದ್ದಾನೆ. ಹಿಡಿದು ತಂದ ಮಕ್ಕಳು, ಅಭಯರುಚಿ ಮತ್ತು ಅಭಯಮತಿ, ಅಳುಕುವುದಿಲ್ಲ. ಸೋಜಿಗಗೊಂಡ ಅರಸ ನೀವು ಯಾರೆಂದು ಕೇಳುತ್ತಾನೆ. ಆಗ ಅಭಯರುಚಿ ತಮ್ಮ ಹಿಂದಿನ ಜನ್ಮಗಳನ್ನು ಹೇಳತೊಡಗುತ್ತಾನೆ. ತಾನು ಒಮ್ಮೆ ಉಜ್ಜಯಿನಿಯ ಅರಸ ಯಶೋಧರ; ಈ ತಂಗಿ ಆಗ ತನ್ನ ತಾಯಿ ಚಂದ್ರಮತಿ. ರಾಣಿ ಅಮೃತಮತಿ ಒಂದು ರಾತ್ರಿ ಆನೆಲಾಯದ ಕಡೆಯಿಂದ ಬಂದ ಹಾಡಿಗೆ ಸೋತಳು. ಹಾಡಿದವನು ಅಷ್ಟಾವಂಕನೆಂಬ ಕುರೂಪಿ ಮಾವುತ. ಅವಳು ಅವನನ್ನು ಕಾಣಲು ಹೋಗುತ್ತಿರುವುದನ್ನು ತಿಳಿದ ಅರಸ ಹಿಂಬಾಲಿಸಿ ಹೋದ. ತಡವಾಗಿ ಬಂದಳೆಂದು ಮಾವುತ ಅವಳನ್ನು ಹೊಡೆಯುವುದನ್ನೂ, ಅವಳು ಅದನ್ನು ಸಹಿಸಿ ಬೇಡಿಕೊಳ್ಳುವುದನ್ನೂ ಕಣ್ಣಾರೆ ಕಂಡ. ಕತ್ತಿ ಎತ್ತಿದ, ತಡೆದುಕೊಂಡ, ಹಿಂತಿರುಗಿದ. ಬೆಳಗ್ಗೆ ತಾಯಿಯ ಮುಂದೆ ಕೆಟ್ಟ ಕನಸು ಕಂಡೆನೆಂದು ಹೇಳಿದ. ತಾಯಿ ಪ್ರಾಣಿಬಲಿಯ ಶಾಂತಿ ಆಗಲೇಬೇಕೆಂದಳು. ಮಗ ಒಪ್ಪಲಿಲ್ಲ. ಕೊನೆಗೆ ಇಬ್ಬರ ಮಾತಿಗೂ ನಡುವಿನ ದಾರಿಯಾಗಿ ಹಿಟ್ಟಿನ ಕೋಳಿಯನ್ನು ಮಾಡಿಸಿ ಕಡಿದರು. ಬೆಂತರವೊಂದು ಹೊಕ್ಕಿದ್ದ ಆ ಕೋಳಿ ಕತ್ತಿ ಬಿದ್ದಾಗ ಕೂಗಿತು. ಅರಸ ರಾಜ್ಯವನ್ನು ಮಗನಿಗೊಪ್ಪಿಸಿ ತಪಸ್ಸಿಗೆ ಹೋಗಬೇಕೆಂದಿದ್ದಾಗಲೇ ಅಮೃತಮತಿ ಅತ್ತೆಗೂ ಗಂಡನಿಗೂ ಊಟದಲ್ಲಿ ವಿಷವಿಕ್ಕಿದಳು. ಅಲ್ಲಿಂದ ತಾಯಿಮಕ್ಕಳಿಬ್ಬರೂ ನಾಯಿ-ನವಿಲು, ಮೊಸಳೆ-ಮೀನು, ಕೋಣ-ಆಡು, ಕೊನೆಗೆ ಎರಡು ಕೋಳಿ, ಹೀಗೆ ಜನ್ಮದಿಂದ ಜನ್ಮಕ್ಕೆ ಸಾಯುತ್ತ ಹುಟ್ಟುತ್ತ ಬಂದರು.

ಈ ಕಾವ್ಯದ ಬಗ್ಗೆ ಎರಡು ಅಭಿಪ್ರಾಯಗಳು ರೂಢಿಯಲ್ಲಿವೆ. ಮೊದಲನೆಯದು, ಇದು ಕರ್ಮಸಿದ್ಧಾಂತದ ಉದಾಹರಣೆ. ಹಿಟ್ಟಿನ ಕೋಳಿಯನ್ನು ಕೊಂದರೂ ಫಲ ತಪ್ಪದೆಂಬ ಎಚ್ಚರಿಕೆ. ಎರಡನೆಯದು, ಅಮೃತಮತಿಯ ಪ್ರಸಂಗವೊಂದೇ ಕಾವ್ಯ, ಉಳಿದದ್ದು ಪ್ರವಚನ. ಮೊದಲನೆಯವರು ಕಾವ್ಯವನ್ನು ಯಂತ್ರವಾಗಿ ನೋಡುತ್ತಾರೆ: ಒಂದು ಕಡೆ ಪಾಪವನ್ನು ಹಾಕಿದರೆ ಇನ್ನೊಂದು ಕಡೆಯಿಂದ ಹಂದಾಡುವ ಜನ್ಮಗಳು ಹೊರಬರುತ್ತವೆ. ಎರಡನೆಯವರು ಪ್ರೀತಿಯನ್ನು ವಿಧಿಯೆಂದು ಕರೆದು, ಆ ಹೆಣ್ಣು ಏನು ಮಾಡಿಯಾಳು ಎನ್ನುತ್ತಾರೆ. ಮೇಲ್ನೋಟಕ್ಕೆ ಬೇರೆಯಾಗಿ ಕಂಡರೂ ಎರಡೂ ಅಭಿಪ್ರಾಯಗಳಲ್ಲಿ ಮನುಷ್ಯನ ಕೈಯಲ್ಲಿ ಏನೂ ಉಳಿಯುವುದಿಲ್ಲ. ನಮಗೆ ಹಾಗೆ ಕಾಣುವುದಿಲ್ಲ. ಜನ್ನ ಇಡೀ ಕಥೆಯನ್ನು ಮೂರು ಕತ್ತಿಗಳ ಮೇಲೆ ನಿಲ್ಲಿಸಿದ್ದಾನೆ. ಅವುಗಳನ್ನು ಒಟ್ಟಿಗೆ ನೋಡಿದರೆ ಆತನ ಅಭಿಪ್ರಾಯ ತಿಳಿಯುತ್ತದೆ ಎಂಬುದು ನಮ್ಮ ನಂಬಿಕೆ.

ಮೊದಲನೆಯದು ಮಾರಿದತ್ತನ ಕತ್ತಿ. ಎರಡನೆಯದು, ಆ ರಾತ್ರಿ ಹೆಂಡತಿಯ ಮತ್ತು ಮಾವುತನ ಮೇಲೆ ಯಶೋಧರ ಎತ್ತಿದ ಕತ್ತಿ. ಮೂರನೆಯದು ಹಿಟ್ಟಿನ ಕೋಳಿಯ ಮೇಲಿನದು. ಮೊದಲಿನ ಎರಡು ಕತ್ತಿಗಳ ಕೆಳಗೆ ಜೀವವಿರುವ ಮನುಷ್ಯರಿದ್ದಾರೆ, ಅವೆರಡೂ ಬೀಳುವುದಿಲ್ಲ. ಮೂರನೆಯದರ ಕೆಳಗೆ ಇರುವುದು ಹಿಟ್ಟು, ಅದು ಬೀಳುತ್ತದೆ. ಅಪಾಯವಿಲ್ಲವೆಂದು ತೋರಿದ ಆ ಒಂದೇ ಕತ್ತಿಯಿಂದ ಜನ್ಮಾಂತರಗಳ ದುಃಖ ಹುಟ್ಟುತ್ತದೆ. ಕವಿ ಇದನ್ನು ಅರಿಯದೆ ಮಾಡಿರಲಾರ. ಕೋಪದ ತುದಿಯಲ್ಲಿ, ಕಾರಣವಿದ್ದು, ಅಧಿಕಾರವಿದ್ದು, ಕೈ ಎತ್ತಿದವನು ಕೈ ಇಳಿಸಬಲ್ಲನೆಂದು ಆತ ಮೊದಲೇ ತೋರಿಸಿಬಿಟ್ಟಿದ್ದಾನೆ. ಹಾಗೆ ಮಾಡಬಲ್ಲವನು ಮರುದಿನ ಬೆಳಗ್ಗೆ ಹಿಟ್ಟಿನ ಮುಂದೆ ‘ನನ್ನ ಕೈಯಲ್ಲಿಲ್ಲ’ ಎನ್ನುವಂತಿಲ್ಲ.

ಆ ರಾತ್ರಿಗೂ ಬಲಿಗೂ ನಡುವಿನ ಗಳಿಗೆಗಳನ್ನು ಗಮನಿಸಬೇಕು. ಯಶೋಧರ ಕತ್ತಿಯನ್ನು ಇಳಿಸಿದ್ದು ದೊಡ್ಡ ಕೆಲಸ. ಆದರೆ ಕಂಡದ್ದನ್ನು ಕಂಡಂತೆ ಹೇಳಲಿಲ್ಲ. ಹೆಂಡತಿಯನ್ನು ನೆಯ್ದಿಲ ಹೂವಿನಿಂದ ಹೊಡೆದ. ರಾತ್ರಿ ಮಾವುತನ ಏಟುಗಳನ್ನು ತಾಳಿದ ಹೆಂಗಸು ಹೂವಿನ ಏಟಿಗೆ ಮೂರ್ಛೆ ಹೋದಂತೆ ಬಿದ್ದಳು. ಅವನು ಕುಟುಕಿ ಮಾತಾಡಿದ. ಗಂಡನಿಗೆ ತಿಳಿದಿದೆಯೆಂದು ಅವಳಿಗೆ ತಿಳಿದದ್ದು ಹಾಗೆ. ತಾಯಿಯ ಮುಂದೆ ಅದೇ ಸಂಗತಿಗೆ ಕನಸಿನ ವೇಷ ತೊಡಿಸಿದ. ಕನಸೆಂದ ಮೇಲೆ ತಾಯಿಗೆ ಶಾಂತಿಯ ಯೋಚನೆ ಬರುವುದು ಸಹಜ. ಬಲಿ ಬೇಡವೆಂದು ವಾದಿಸಿದವನು ತಾಯಿಯ ಮನಸ್ಸು ನೋಯಬಾರದೆಂದು ಹಿಟ್ಟಿಗೆ ಒಪ್ಪಿದ. ಒಂದೊಂದೂ ಸಣ್ಣ ಮಾತು. ಪ್ರತಿಯೊಂದರಲ್ಲೂ ಅವನು ಇನ್ನೊಂದು ರೀತಿ ನಡೆಯಬಹುದಾಗಿತ್ತು. ಆದರೆ ಒಂದು ಮುಗಿದ ಮೇಲೆ ಮುಂದಿನದರಲ್ಲಿ ಜಾಗ ಸ್ವಲ್ಪ ಕಿರಿದಾಯಿತು. ವಿಧಿಯೆಂಬುದು ಹೊರಗಿನಿಂದ ಬಂದು ಕುತ್ತಿಗೆ ಹಿಡಿಯುವುದನ್ನು ಜನ್ನ ಇಲ್ಲಿ ತೋರಿಸಿಲ್ಲ. ಒಬ್ಬ ಸಭ್ಯನಾದ ಮನುಷ್ಯ ಸಂಕೋಚಕ್ಕೆ, ದಾಕ್ಷಿಣ್ಯಕ್ಕೆ, ಮುಜುಗರಕ್ಕೆ ಸಿಕ್ಕಿ ತನ್ನ ದಾರಿಗಳನ್ನು ಒಂದೊಂದಾಗಿ ತಾನೇ ಮುಚ್ಚಿಕೊಂಡು ಹೋಗುವುದನ್ನು ತೋರಿಸಿದ್ದಾನೆ. ನಮ್ಮ ಮನೆಗಳಲ್ಲಿ ನಡೆಯುವುದೂ ಬಹುಮಟ್ಟಿಗೆ ಹೀಗೆಯೇ ಅಲ್ಲವೆ?

ಆದರೆ ಹಿಟ್ಟಿನ ಕೋಳಿಗೆ ಇಷ್ಟು ಶಿಕ್ಷೆಯೆ ಎಂಬ ಪ್ರಶ್ನೆ ಉಳಿಯುತ್ತದೆ. ನವರಾತ್ರಿಯ ಆಯುಧಪೂಜೆಯಲ್ಲಿ ಬೂದುಗುಂಬಳಕಾಯಿಗೆ ಕುಂಕುಮ ತುಂಬಿ ವಾಹನದ ಮುಂದೆ ಒಡೆಯುವ ನಮಗೆ ಈ ಪ್ರಶ್ನೆ ತೀರ ದೂರದ್ದಲ್ಲ. ಕುಂಬಳಕಾಯಿ ಒಡೆದ ನಾವೆಲ್ಲ ನವಿಲಾಗಿ ಹುಟ್ಟುತ್ತೇವೆಂದು ಜನ್ನ ಹೇಳುತ್ತಾನೆಂದು ಯಾರೂ ಹೆದರಬೇಕಾದ್ದಿಲ್ಲ. ಹಿಂಸೆಯ ಬದಲಿಗೆ ಬಂದ ಹಣ್ಣುಕಾಯಿ ಒಂದು ಸಮಾಜ ಮೃದುವಾದುದರ ಗುರುತೂ ಆಗಿರಬಹುದು. ಯಶೋಧರನ ಸಂಗತಿ ಬೇರೆ. ಕೊಲ್ಲುವುದು ತಪ್ಪೆಂದು ಬಲ್ಲವನು, ಹಾಗೆಂದು ವಾದಿಸಿದವನು, ಅದನ್ನೇ ಕೋಳಿಯೆಂದು ಭಾವಿಸಿ ಕಡಿದ. ಇದನ್ನೇ ಜೈನರು ಸಂಕಲ್ಪಹಿಂಸೆ ಎನ್ನುತ್ತಾರೆ. ಕೈಗೆ ಸಿಕ್ಕ ವಸ್ತುವಿಗಿಂತ ಮನಸ್ಸು ಮಾಡಿದ ಕೆಲಸ ಮುಖ್ಯ ಎಂಬುದು ಇದರ ತಾತ್ಪರ್ಯ. ಯಂತ್ರಕ್ಕೆ ಸಂಕಲ್ಪವಿಲ್ಲ. ಸಂಕಲ್ಪಕ್ಕೇ ಫಲವೆಂದು ಹೇಳುವ ದರ್ಶನ ಮನುಷ್ಯನನ್ನು ಯಂತ್ರವೆಂದು ತಿಳಿದಿರಲು ಸಾಧ್ಯವೇ ಇಲ್ಲ.

ಜೈನಧರ್ಮವೂ ವಿಧಿವಾದವೂ ಒಂದೇ ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ಬಹಳವಾಗಿದೆ. ವಾಸ್ತವವಾಗಿ ವಿಧಿವಾದಿಗಳೊಡನೆ ಜೈನರು ಹುಟ್ಟಿನಿಂದಲೇ ಜಗಳವಾಡಿಕೊಂಡು ಬಂದವರು. ಮಹಾವೀರನ ಕಾಲದಲ್ಲಿ ಮಕ್ಖಲಿ ಗೋಸಾಲನ ಅನುಯಾಯಿಗಳಾದ ಆಜೀವಿಕರು ‘ನಿಯತಿ’ಯೊಂದೇ ಸತ್ಯ ಎನ್ನುತ್ತಿದ್ದರು. ಎಸೆದ ದಾರದ ಉಂಡೆ ದಾರ ಇರುವವರೆಗೆ ಬಿಚ್ಚಿಕೊಳ್ಳುತ್ತ ಹೋಗುವಂತೆ, ಜಾಣನೂ ದಡ್ಡನೂ ತಮ್ಮ ಪಾಲಿನ ಜನ್ಮಗಳನ್ನು ಕಳೆದೇ ಮುಕ್ತರಾಗುತ್ತಾರೆ. ಪ್ರಯತ್ನದಿಂದ ಒಂದು ಗೇಣನ್ನೂ ಕಡಮೆ ಮಾಡಲಾಗದು ಎಂಬುದು ಅವರ ಮತ. ಅರ್ಧಮಾಗಧಿಯ ‘ಉವಾಸಗದಸಾಓ’ ಎಂಬ ಆಗಮಗ್ರಂಥದಲ್ಲಿ ಸದ್ದಾಲಪುತ್ತನೆಂಬ ಆಜೀವಿಕ ಕುಂಬಾರನ ಕಥೆಯಿದೆ. ಈ ಮಡಕೆಗಳು ಪ್ರಯತ್ನದಿಂದ ಆದವೋ ಹೇಗೆ ಎಂದು ಮಹಾವೀರ ಅವನನ್ನು ಕೇಳುತ್ತಾನೆ. ಪ್ರಯತ್ನವೆಂಬುದೇ ಇಲ್ಲ, ಎಲ್ಲವೂ ನಿಯತ ಎಂದು ಕುಂಬಾರ ಹೇಳುತ್ತಾನೆ. ಹಾಗಾದರೆ ಯಾವನಾದರೂ ಬಂದು ನಿನ್ನ ಮಡಕೆಗಳನ್ನು ಒಡೆದರೆ, ನಿನ್ನ ಹೆಂಡತಿಯ ಮೇಲೆ ಕೈ ಹಾಕಿದರೆ ಏನು ಮಾಡುವೆ ಎಂದು ಮರುಪ್ರಶ್ನೆ ಬರುತ್ತದೆ. ಹಿಡಿದು ಹೊಡೆಯುವೆನೆಂದು ಕುಂಬಾರ ಉತ್ತರಿಸುತ್ತಾನೆ. ಎಲ್ಲವೂ ನಿಯತವಾಗಿದ್ದರೆ ಅವನನ್ನೇಕೆ ಹೊಡೆಯಬೇಕು? ಅಲ್ಲಿಗೆ ಕುಂಬಾರನ ವಾದ ಮುಗಿಯುತ್ತದೆ. ನಮ್ಮ ತಪ್ಪಿಗೆ ಹಣೆಬರಹವನ್ನೂ ಪಕ್ಕದ ಮನೆಯವರ ತಪ್ಪಿಗೆ ಅವರ ಬುದ್ಧಿಯನ್ನೂ ಕಾರಣ ಹೇಳುವ ನಮಗೂ ಈ ಪ್ರಶ್ನೆ ತಗಲುತ್ತದೆ.

ಜೈನರ ಕರ್ಮವಿಚಾರದಲ್ಲಿ ಕಾಲಕ್ಕೆ ಒಂದು ಖಚಿತವಾದ ಸ್ಥಾನವಿದೆ. ಕರ್ಮವು ಜೀವಕ್ಕೆ ಅಂಟುವಾಗ ನಾಲ್ಕು ಸಂಗತಿಗಳು ಗೊತ್ತಾಗುತ್ತವೆ ಎಂದು ‘ತತ್ತ್ವಾರ್ಥಸೂತ್ರ’ ಹೇಳುತ್ತದೆ: ಅದು ಎಂಥದು (ಪ್ರಕೃತಿ), ಎಷ್ಟು ಕಾಲ ಇರುವುದು (ಸ್ಥಿತಿ), ಎಷ್ಟು ತೀವ್ರ (ಅನುಭಾಗ), ಎಷ್ಟು ಮೊತ್ತ (ಪ್ರದೇಶ). ಸಾಲಪತ್ರದಲ್ಲಿ ಅಸಲು, ಬಡ್ಡಿ, ವಾಯಿದೆಗಳನ್ನು ಬರೆದಂತೆ ಇದು. ನಾವು ‘ಋಣ’ ಎನ್ನುವ ಮಾತಿಗೆ ಇಷ್ಟು ಲೆಕ್ಕವಿದೆಯೆಂದು ನಾವು ಯೋಚಿಸಿರುವುದಿಲ್ಲ. ಆದರೆ ಈ ಪತ್ರದಲ್ಲಿ ಇನ್ನೂ ಎರಡು ಕಲಮುಗಳಿವೆ. ಹೊಸ ಸಾಲ ಮಾಡದೆ ಇರುವುದು ಸಂವರ. ಇದ್ದ ಸಾಲವನ್ನು ವಾಯಿದೆಗೆ ಮೊದಲೇ ತೀರಿಸುವುದು ನಿರ್ಜರೆ. ಹಿಂದಿನದು ಇಂದಿನ ಮೇಲೆ ಭಾರ ಹಾಕುತ್ತದೆಂಬುದು ನಿಜ. ಆ ಭಾರದ ಕೆಳಗೆ ನಿಂತು ಇಂದು ಏನು ಮಾಡುತ್ತೇವೆಂಬುದನ್ನು ಅದು ಬರೆದಿಟ್ಟಿಲ್ಲ.

ಈ ತತ್ತ್ವವನ್ನು ಜನ್ನ ಎರಡು ಹಕ್ಕಿಗಳ ಮೂಲಕ ಕಥೆಯಾಗಿಸಿದ್ದಾನೆ. ಸತ್ತ ಯಶೋಧರ ಮೊದಲು ನವಿಲಾಗಿ ಹುಟ್ಟಿ ತನ್ನದೇ ಅರಮನೆಗೆ ಬರುತ್ತಾನೆ. ಅಮೃತಮತಿಯನ್ನೂ ಮಾವುತನನ್ನೂ ಕಂಡಾಗ ಆ ನವಿಲಿಗೆ ಹಿಂದಿನದೆಲ್ಲ ನೆನಪಾಗುತ್ತದೆ. ನೆನಪಾದ ಕೂಡಲೆ ಅದು ಅವರ ಮೇಲೆ ಎರಗುತ್ತದೆ, ಪೆಟ್ಟು ತಿನ್ನುತ್ತದೆ, ಹಿಂದೆ ತಾಯಿಯಾಗಿದ್ದ ನಾಯಿಯ ಬಾಯಿಗೇ ಬಿದ್ದು ಸಾಯುತ್ತದೆ. ಮನುಷ್ಯನಾಗಿದ್ದಾಗ ಇಳಿಸಿದ ಕತ್ತಿಯನ್ನು ನವಿಲಾದಾಗ ಇಳಿಸಲಾಗಲಿಲ್ಲ. ಅನೇಕ ಜನ್ಮಗಳ ಮೇಲೆ ಅದೇ ಜೀವ ಕೋಳಿಯಾಗಿ ಅಕಂಪನ ಮುನಿಯ ಮಾತನ್ನು ಕೇಳುತ್ತದೆ. ಮತ್ತೆ ಹಿಂದಿನದು ನೆನಪಾಗುತ್ತದೆ. ಈ ಸಲ ಅದು ಯಾರ ಮೇಲೂ ಎರಗುವುದಿಲ್ಲ. ವ್ರತವನ್ನು ಒಪ್ಪಿಕೊಂಡು ಸಂತೋಷದಿಂದ ಕೂಗುತ್ತದೆ. ಆ ಕೂಗನ್ನು ಕೇಳಿ, ರಾಣಿ ಕುಸುಮಾವಳಿಗೆ ತನ್ನ ಶಬ್ದವೇಧಿ ವಿದ್ಯೆಯನ್ನು ತೋರಿಸಲು ಅರಸ ಬಾಣ ಬಿಡುತ್ತಾನೆ. ಕೋಳಿಗಳೆರಡೂ ಸತ್ತು ಅವಳ ಗರ್ಭದಲ್ಲಿ ಅಣ್ಣತಂಗಿಯರಾಗಿ ಮೂಡುತ್ತವೆ. ಎರಡೂ ಹಕ್ಕಿಗಳು ಸತ್ತವು, ಎರಡಕ್ಕೂ ನೆನಪಿತ್ತು. ನವಿಲು ನೆನಪನ್ನು ಸೇಡಿಗೆ ಬಳಸಿತು, ಕೋಳಿ ಬಿಡುಗಡೆಗೆ ಬಳಸಿತು. ಬಾಣವನ್ನು ತಪ್ಪಿಸುವುದು ಕೋಳಿಯ ಕೈಯಲ್ಲಿರಲಿಲ್ಲ. ಬಾಣ ಬರುವ ಹೊತ್ತಿಗೆ ತಾನು ಏನಾಗಿರಬೇಕೆಂಬುದು ಮಾತ್ರ ಅದರ ಪಾಲಿಗಿತ್ತು.

ಕಾಲವನ್ನು ಹೇಳುವ ರೀತಿಯಲ್ಲಿಯೂ ಜನ್ನನ ಜಾಣ್ಮೆಯಿದೆ. ಜನ್ಮಗಳು ಒಂದರ ಹಿಂದೆ ಒಂದು ಬೇಗಬೇಗನೆ ಸರಿದುಹೋಗುತ್ತವೆ. ಆ ಒಂದು ರಾತ್ರಿ, ಮರುದಿನದ ಮಾತುಕತೆ, ಇವು ನಿಧಾನವಾಗಿ, ಹೆಜ್ಜೆ ಹೆಜ್ಜೆಯಾಗಿ ನಡೆಯುತ್ತವೆ. ಗತಿ ನಿಶ್ಚಯವಾದ ಕಡೆ ಕವಿಗೆ ಅವಸರ. ಆಯ್ಕೆ ಇರುವ ಕಡೆ ತಾಳ್ಮೆ. ಇಡೀ ಕಥೆಯನ್ನು ಕೊನೆಯಿಂದ ಹಿಂದಕ್ಕೆ ನೋಡಿ ಅಭಯರುಚಿ ಹೇಳುತ್ತಿದ್ದಾನೆ. ಹಾಗೆ ಹಿಂತಿರುಗಿ ನೋಡಿದಾಗ ಎಲ್ಲವೂ ಒಂದೇ ಸರಪಳಿ, ಎಲ್ಲೂ ಬಿಡುವಿಲ್ಲ. ಆದರೆ ಆ ರಾತ್ರಿ ಕತ್ತಲೆಯಲ್ಲಿ ನಿಂತಿದ್ದ ಯಶೋಧರನಿಗೆ ಯಾವ ಸರಪಳಿಯೂ ಕಂಡಿರಲಿಲ್ಲ. 1814ರಲ್ಲಿ ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್, ವಿಶ್ವದ ಈ ಗಳಿಗೆಯ ಸ್ಥಿತಿಯನ್ನೆಲ್ಲ ಬಲ್ಲ ಒಂದು ಬುದ್ಧಿಗೆ ಹಿಂದಿನಂತೆ ಮುಂದಿನದೂ ಕಣ್ಣೆದುರಿಗೇ ಇರುವುದೆಂದು ಬರೆದ. 1927ರಲ್ಲಿ ಹೈಸೆನ್‌ಬರ್ಗ್ ಅಣುಗಳ ಮಟ್ಟದಲ್ಲಿ ಅಂಥ ಪೂರ್ಣ ಜ್ಞಾನ ಸಾಧ್ಯವಿಲ್ಲವೆಂದು ತೋರಿಸಿದ. ಇದರಿಂದ ಮನುಷ್ಯ ಸ್ವತಂತ್ರನೆಂದು ಸಿದ್ಧವಾಯಿತೆಂದು ಕೆಲವರು ಹಿಗ್ಗುತ್ತಾರೆ. ಆದರೆ ದಾಳ ಹೇಗೆ ಬೀಳುವುದೆಂದು ತಿಳಿಯದ ಮಾತ್ರಕ್ಕೆ ದಾಳ ಸ್ವತಂತ್ರವಾಗುವುದಿಲ್ಲ. ಎತ್ತಿದ ಕೈಯನ್ನು ತಿಳಿದು ಇಳಿಸುವುದು ಆಕಸ್ಮಿಕಕ್ಕಿಂತ ಬೇರೆಯ ಸಂಗತಿ, ಜನ್ನನಿಗೆ ಬೇಕಾಗಿದ್ದದ್ದು ಅದು.

ಇಷ್ಟು ಹೊಗಳಿದ ಮೇಲೆ ಒಂದು ಆಕ್ಷೇಪವನ್ನೂ ಹೇಳಬೇಕು. ಅಮೃತಮತಿಗೂ ಒಂದು ಗಳಿಗೆಯನ್ನು ಕವಿ ಕೊಟ್ಟಿದ್ದಾನೆ. ಹಾಡಿದವನನ್ನು ನೋಡಿಬರಲು ಹೋದ ಕೆಳದಿ ಅವನ ಕುರೂಪವನ್ನು ಹೇಸಿಗೆಯಿಂದ ವರ್ಣಿಸಿದಾಗ ಅವಳು ನಿಲ್ಲಬಹುದಾಗಿತ್ತು, ನಿಲ್ಲಲಿಲ್ಲ. ಇದು ಸರಿ. ಆದರೆ ಆ ಒಂದು ಗಳಿಗೆಯ ಅನಂತರ ಅವಳಿಗೆ ಬಾಗಿಲು ಮುಚ್ಚಿತು. ಗಂಡನಿಗೂ ಅತ್ತೆಗೂ ತಪ್ಪಿ ನಡೆದು ತಿದ್ದಿಕೊಳ್ಳಲು ಜನ್ಮದ ಮೇಲೆ ಜನ್ಮ. ಅನೇಕ ಬಲಿಗಳ ಮಾರಿದತ್ತನಿಗೂ ಮಕ್ಕಳ ಬಾಯಿಂದ ಕಥೆ ಕೇಳಿ ಬದಲಾಗುವ ಭಾಗ್ಯ. ಅವಳಿಗೆ ರೋಗ, ಆಮೇಲೆ ನರಕ, ಅಲ್ಲಿಗೆ ಮುಗಿಯಿತು. ವಿಷವಿಕ್ಕಿದ ಪಾಪ ಸಣ್ಣದೆಂದು ನಾವು ಹೇಳುತ್ತಿಲ್ಲ. ಆದರೆ ಎಲ್ಲ ಜೀವಕ್ಕೂ ತಿದ್ದಿಕೊಳ್ಳುವ ಶಕ್ತಿಯಿದೆಯೆಂದು ನಂಬಿದ ಕವಿ ಅವಳಿಗೆ ಒಂದು ಕೋಳಿಯ ಜನ್ಮವನ್ನಾದರೂ ಕೊಡಬಹುದಾಗಿತ್ತು. ಕಾಲವನ್ನು ಹಂಚುವಾಗ ಜನ್ನ ಪಕ್ಷಪಾತ ಮಾಡಿದ್ದಾನೆ. ತನ್ನ ತತ್ತ್ವಕ್ಕೆ ತಾನೇ ಅಲ್ಲಿ ತಪ್ಪಿದ್ದಾನೆ. ಅವಳೇ ಓದುಗರ ಮನಸ್ಸಿನಲ್ಲಿ ಹೆಚ್ಚಾಗಿ ಉಳಿದಿರುವುದಕ್ಕೆ ಈ ಅನ್ಯಾಯವೂ ಒಂದು ಕಾರಣವಿರಬಹುದು.

ಗಿರೀಶ ಕಾರ್ನಾಡರು ಈ ಕಥೆಯನ್ನು 1980ರಲ್ಲಿ ‘ಹಿಟ್ಟಿನ ಹುಂಜ’ ನಾಟಕವಾಗಿಸಿದರು; ಮುಂದೆ ಅವರೇ ಅದನ್ನು ಇಂಗ್ಲಿಷಿನಲ್ಲಿ ‘ಬಲಿ’ ಎಂದು ಬರೆದರು. ಅವರು ಜನ್ಮಾಂತರಗಳನ್ನೆಲ್ಲ ಬಿಟ್ಟರು. ಉಳಿದದ್ದು ಅರಸ, ರಾಣಿ, ರಾಜಮಾತೆ, ಮಾವುತ, ಈ ನಾಲ್ವರೇ. ಮುಂದಿನ ಜನ್ಮದ ಲೆಕ್ಕವನ್ನು ತೆಗೆದುಹಾಕಿದ ಮೇಲೂ ಹಿಟ್ಟಿನ ಮೇಲೆ ಕತ್ತಿ ಎತ್ತುವುದು ಹಗುರವಾಗಲಿಲ್ಲವೆಂಬುದು ಗಮನಿಸತಕ್ಕದ್ದು. ಕರ್ಮಸಿದ್ಧಾಂತವನ್ನು ನಂಬದವರಿಗೂ ಆ ಪ್ರಶ್ನೆ ಉಳಿಯುತ್ತದೆಂದರೆ, ಅದು ಪ್ರವಚನದ ಪ್ರಶ್ನೆಯಾಗಿರಲಿಲ್ಲ.

ಕಾವ್ಯದ ಕೊನೆಗೆ ಮಾರಿದತ್ತನ ಕತ್ತಿ ಕೆಳಗಿಳಿಯುತ್ತದೆ. ಚಂಡಮಾರಿಯೇ ಪ್ರತ್ಯಕ್ಷಳಾಗಿ ಇನ್ನು ತನಗೆ ಜೀವಬಲಿ ಬೇಡವೆನ್ನುತ್ತಾಳೆ. ಅವನನ್ನು ತಡೆದದ್ದು ಸೈನ್ಯವಲ್ಲ, ಶಾಪವಲ್ಲ. ಇಬ್ಬರು ಮಕ್ಕಳು ಒಂದು ಕಥೆ ಹೇಳಿದರು. ಅವನು ಕಿವಿಗೊಟ್ಟು ಕೊನೆಯವರೆಗೂ ಕೇಳಿದ. ಹಿಂದಿನವರು ತಪ್ಪಿ ನಡೆದ ವಿವರವನ್ನು ಕೇಳಿಸಿಕೊಂಡವನಿಗೆ ತನ್ನ ಗಳಿಗೆ ಕಾಣಿಸಿತು. ಕಾವ್ಯಗಳಿಂದ ಏನು ಪ್ರಯೋಜನವೆಂದು ಕೇಳುವವರಿಗೆ ಜನ್ನ ಕೊಟ್ಟ ಉತ್ತರ ಇದೆಂದು ನಾವು ತಿಳಿಯುತ್ತೇವೆ.

ಒಂದು ಮಾತು ಮಾತ್ರ ಬಾಕಿ. ಆ ಮಕ್ಕಳ ನುಡಿ ಅರಸನಿಗೆ ತಿಳಿಯದಿದ್ದರೆ ಕತ್ತಿ ನಿಲ್ಲುತ್ತಿರಲಿಲ್ಲ. ಮೊದಲಿಗೆ ಅಜ್ಜಿಯ ಕಾಗದವನ್ನು ಓದಲಾರದ ಮೊಮ್ಮಗಳ ಮಾತು ಬಂದಿತ್ತು. ಅದನ್ನು ನಾವು ಹಣೆಬರಹದ ಖಾತೆಗೆ ಬರೆದಿದ್ದೆವು. ನಾವು ಈ ನಗರಕ್ಕೆ ಬಂದದ್ದು ಅನ್ನದ ಋಣವೇ ಇರಬಹುದು. ಮನೆಯಲ್ಲಿ ಯಾವ ಮಾತಾಡಬೇಕು, ಸಂಜೆ ಅರ್ಧ ಗಂಟೆ ಮಗುವನ್ನು ಕೂಡಿಸಿಕೊಂಡು ಅಕ್ಷರ ತಿದ್ದಿಸಬೇಕೆ ಬೇಡವೆ ಎಂಬುದು ಯಾವ ಋಣಪತ್ರದಲ್ಲಿಯೂ ಇಲ್ಲ. ‘ಇವತ್ತು ಬೇಡ, ದಣಿದಿದೆ’, ‘ಶಾಲೆಯ ಪಾಠವೇ ಹೆಚ್ಚಾಗಿದೆ’, ‘ಅರ್ಥವಾದರೆ ಸಾಕು, ಓದಲು ಬರದಿದ್ದರೇನು’ ಎಂದು ಒಂದೊಂದೇ ಸಣ್ಣ ಮಾತಿಗೆ ನಾವೂ ಒಪ್ಪುತ್ತ ಬಂದಿದ್ದೇವೆ. ಯಶೋಧರನ ಬೆಳಗೂ ಹಾಗೆಯೇ ಕಳೆದಿತ್ತು. ನಮ್ಮ ಸಂಜೆಗಳು ಇನ್ನೂ ಕಳೆದುಹೋಗಿಲ್ಲ.